ಏಳನೇ ನಂಬರಿನ ಚರಂಡಿ

ನಾನು ಮೀನಿನವನಲ್ಲ, ಹಾಲಿನವನು.
ನಾನೂರ ಹನ್ನೆರಡು ಹಸು, ಒಂದು ನಾಯಿ,
ಗಾಳಿಗೆ ಒಂದೇ ಕಡೆ ವಾಲಿದ ಮರಗಳು,
ನ್ಯೂಜಿಲೆಂಡಿನ ತೆಂಕಣ ತುದಿ.
ಇದರಿಂದಾಚೆ ಸಮುದ್ರ, ಅದರಾಚೆ ಹಿಮ.

ಹೊಲದಂಚಿನ ನೀರಿಗೆ ಕೌನ್ಸಿಲ್ಲಿನ ನಕ್ಷೆಯಲ್ಲಿ
ಏಳನೇ ನಂಬರಿನ ಚರಂಡಿ ಎಂದು ಹೆಸರು.
ಡೊಂಕು ಬೈತಲೆಯನ್ನು ಬಾಚಿ ತಿದ್ದುವ ಹಾಗೆ
ಅಪ್ಪ ಅದನ್ನು ಯಂತ್ರ ತರಿಸಿ ನೆಟ್ಟಗೆ ಮಾಡಿಸಿದ್ದ.
ದಂಡೆಯ ಹುಲ್ಲು ಹಸುಗಳಿಗೆ, ನೀರು ಕಡಲಿಗೆ;
ಯಾರ ಬಾಕಿಯೂ ಇಲ್ಲ ಅಂದುಕೊಂಡಿದ್ದೆವು.

ಮೆರೆನಿಯಾ ಬಂದದ್ದು ಒಂದು ಮಾರ್ಚಿನಲ್ಲಿ.
ಶಾಲೆಯ ಬಸ್ಸು ಓಡಿಸುವವಳು,
ಅಳಿವೆಯ ಕಡೆಯ ಮಾವೊರಿ ಮನೆತನ.
ಮಗುವಿನ ತಲೆಯಲ್ಲಿ ಹೇನು ಹುಡುಕುವ ಹಾಗೆ
ಮೊಣಕಾಲೂರಿ ಹುಲ್ಲಿನ ಬುಡ ಬಿಡಿಸಿ
"ನೋಡು ಕಿಲ್ಗೋರ್" ಅಂದಳು.
ನೋಡಿದೆ. ಕೆಸರು. ಸಗಣಿ. ಗೊರಸಿನ ಗುಂಡಿ.
"ಏನೂ ಇಲ್ಲವಲ್ಲ."
"ಅದನ್ನೇ ನೋಡು ಅಂದದ್ದು."

ಈನಂಗಾ: ಬೆರಳುದ್ದದ ಮೀನು, ವರ್ಷದ ಆಯಸ್ಸು.
ನೀರಲ್ಲೇ ಬಾಳಿ, ಮಕ್ಕಳ ವಿಷಯಕ್ಕೆ ಮಾತ್ರ
ನೀರನ್ನು ನಂಬದ ಪ್ರಾಣಿ.
ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರ
ದಂಡೆ ಹತ್ತಿ ನಿಲ್ಲುವ ಒಂದು ಗಳಿಗೆ
ಹುಲ್ಲಿನ ಬುಡಕ್ಕೆ ಮೊಟ್ಟೆಯಿಟ್ಟು ಇಳಿದುಹೋಗುತ್ತದೆ.
ಸಾಸಿವೆಗಿಂತ ಸಣ್ಣವು,
ಒಣನೆಲದ ಮೇಲೆ, ನೆರಳಿನ ತೇವ ಕುಡಿಯುತ್ತ
ಮತ್ತೆ ಅಷ್ಟೇ ದೊಡ್ಡ ಉಬ್ಬರ ಬರುವ ತನಕ ಕಾಯುತ್ತವೆ.
ಮೂರು ವಾರ, ನಾಲ್ಕು ವಾರ.
ಹಸುವಿನ ನಾಲಗೆಗೆ ಅಷ್ಟು ಹೊತ್ತು ಬೇಡ.

ಮರಿಗಳನ್ನು ನಾನೂ ಬಲ್ಲೆ.
ವಸಂತಕ್ಕೆ ಕಡಲಿಂದ ಮೇಲೇರುವ ಗಾಜಿನ ಎಳೆಗಳು,
ಕಣ್ಣೆರಡು ಬಿಟ್ಟರೆ ಮೈಯೇ ಇಲ್ಲದಂಥವು.
ಅಮ್ಮ ಕೋಳಿಮೊಟ್ಟೆಯಲ್ಲಿ ಕಲಸಿ ಬೆಣ್ಣೆಯಲ್ಲಿ ಹುರಿಯುತ್ತಿದ್ದಳು.
ಒಂದು ತುತ್ತಿಗೆ ಎಷ್ಟು ಜೊತೆ ಕಣ್ಣು, ಎಣಿಸಿದವರಿಲ್ಲ.
ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ಅನ್ನುತ್ತಾರಲ್ಲ,
ನಾವು ಹಾಕಿಕೊಂಡೆವು, ಬಕೆಟ್ಟುಗಟ್ಟಲೆ.

ಬೇಲಿ ಹಾಕಿದೆ. ಮೀನಿನ ಮೇಲಿನ ಪ್ರೀತಿಗಲ್ಲ,
ಕೌನ್ಸಿಲ್ಲು ಅರ್ಧ ದುಡ್ಡು ಕೊಡುತ್ತಿತ್ತು.
ಹುಲ್ಲು ಚಿಗುರುವ ತನಕ ಇರಲೆಂದು
ಅವಳು ಒಣಹುಲ್ಲಿನ ಪಿಂಡಿ ತಂದು ದಂಡೆಗೆ ಗೂಟ ಜಡಿದಳು.
"ಹಸುವಿನ ಬಾಯಿಂದ ಕಿತ್ತು ಮೀನಿಗೆ ಹಾಸಿಗೆಯೋ" ಅಂತ ನಕ್ಕೆ.
ಅವಳು ಇನ್ನೊಂದು ಗೂಟ ಕೇಳಿದಳು.
ಮೊದಲ ವರ್ಷ ಏನೂ ಇಲ್ಲ.
ಎರಡನೆಯ ವರ್ಷ ನಲವತ್ತು ಮೊಟ್ಟೆ,
ಮಾರನೆಯ ದಿನ ಇಲಿ, ಏನೂ ಇಲ್ಲ.

ಮೂರನೆಯ ಏಪ್ರಿಲ್ಲು, ಮಧ್ಯಾಹ್ನ ಎರಡರ ಮೇಲೆ
ಕೊಟ್ಟಿಗೆಯ ಬಾಗಿಲಿಂದ ನೋಡುತ್ತೇನೆ:
ಚರಂಡಿ ಬೆಳ್ಳಗಿದೆ.
ಎದೆ ಧಸಕ್ಕೆಂದಿತು. ತೊಟ್ಟಿಯ ನಲ್ಲಿ ಬಿಟ್ಟೆನೆ?
ದಂಡ, ಕೋರ್ಟು, ಪೇಪರಿನಲ್ಲಿ ಹೆಸರು,
ಎಲ್ಲ ಲೆಕ್ಕ ಹಾಕುತ್ತ ಓಡಿದೆ.
ತೊಟ್ಟಿ ಇದ್ದಂತೆ ಇತ್ತು. ಒಂದು ತೊಟ್ಟೂ ಸೋರಿರಲಿಲ್ಲ.

ಬೇಲಿಯ ಆಚೆ, ಹೊಸ ಹುಲ್ಲಿನ ಒಳಗೆ
ನೀರು ಕುದಿಯುತ್ತಿತ್ತು, ಬೆನ್ನು, ಬಾಲ, ಬೆಳ್ಳಿ,
ಹೆಣ್ಣಿನ ಬೆನ್ನಿಗೆ ಗಂಡು ಚೆಲ್ಲಿದ ಬಿಳುಪು
ಮಾರುದ್ದ, ಎರಡು ಮಾರುದ್ದ, ತಿರುವಿನ ತನಕ.
ಹಾಲಿಗೆ ನೀರು ಬೆರೆಸಿದವರನ್ನು ಕಂಡಿದ್ದೆ.
ನೀರೇ ಹಾಲಾದದ್ದು ಕಂಡಿರಲಿಲ್ಲ.

ಫೋನು ಮಾಡಿದೆ. ಅವಳು ಬಸ್ಸು ತಂದೇ ನಿಲ್ಲಿಸಿದಳು
ಮನೆಗೆ ಹೊರಟ ಒಂಬತ್ತು ಮಕ್ಕಳ ಸಮೇತ.
ಯಾರೂ ಕಿರುಚಲಿಲ್ಲ. ಒಬ್ಬ ಟೋಪಿ ತೆಗೆದ,
ಯಾಕೋ ಅವನಿಗೇ ಗೊತ್ತಿಲ್ಲ.

"ಇದಕ್ಕೊಂದು ಹೆಸರಿತ್ತು" ಅಂದಳು ಮೆರೆನಿಯಾ.
"ಅಜ್ಜಿ ಹೇಳುತ್ತಿದ್ದಳು. ನನಗೆ ಮೊದಲರ್ಧ ಮಾತ್ರ ನೆನಪು."
"ಉಳಿದರ್ಧ?"
ಅವಳು ನೀರನ್ನೇ ನೋಡುತ್ತಿದ್ದಳು.

ಕೊಟ್ಟಿಗೆಯಲ್ಲಿ ಹಸುಗಳು ಕೂಗಿಕೊಳ್ಳುತ್ತಿದ್ದವು,
ಕರೆಯುವ ಹೊತ್ತು ಮೀರಿತ್ತು.
ಇಳಿವ ನೀರು ಹುಲ್ಲಿನ ಬುಡಗಳನ್ನು
ಒಂದೊಂದಾಗಿ ಬಿಟ್ಟುಕೊಡುತ್ತಿತ್ತು.
ನಾಯಿಯ ಕೊರಳಪಟ್ಟಿ ಹಿಡಿದು ನಿಂತೆ.
ಇನ್ನು ಇಪ್ಪತ್ತೆಂಟು ದಿನ.